ಗೆಂಜೊ ಬೇಡವೆನ್ನದ ಮಾಚಾ

ಗೆಂಜೊ ಆ ಲೋಟ ಎತ್ತಿ ಕುಡಿದಾಗ ಅವನ ಎದುರಿಗೆ ಕೂತಿದ್ದವನು ನಾನು. ಅವನು ಅದನ್ನು ಕುಡಿಯಬಾರದು ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವಳು ಅದನ್ನು ಮಾಡಿಕೊಟ್ಟ ಅವನ ಮಗಳು ಇಕುಮಿ ಒಬ್ಬಳೇ.

ನಾನು ಯಾಸುಹೆಯಿ. ನಿಶಿಯೊ ಊರಿನ ಚಹಾ ಗಿರಣಿಗಳಲ್ಲಿ ಸವೆದುಹೋದ ಬೀಸುಕಲ್ಲುಗಳಿಗೆ ಉಳಿ ಹಿಡಿದು ಮತ್ತೆ ಗೀರು ಕುಟ್ಟುವುದು ನನ್ನ ಕಸುಬು. ಗೆಂಜೊ ತೆರಾದಾ ಮತ್ತು ನಾನು ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು. ಅವನಿಗೆ ಗುಡ್ಡದ ಮೇಲೆ ಚಹಾ ತೋಟವಿತ್ತು, ಮನೆಯ ಹಿಂದೆ ಹನ್ನೊಂದು ಕಲ್ಲಿನ ಗಿರಣಿಯಿತ್ತು. ಒಂದು ಕಲ್ಲು ಒಂದು ಗಂಟೆ ತಿರುಗಿದರೂ ಬೀಳುವ ಮಾಚಾ, ಅಂದರೆ ನುಣ್ಣನೆಯ ಹಸಿರು ಚಹಾ ಪುಡಿ, ಒಂದು ಹಿಡಿಯಾಗುವುದಿಲ್ಲ. ಅಷ್ಟು ನಿಧಾನದ ಕೆಲಸ ಮಾಡುವವನಿಗೆ ಸಿಟ್ಟು ಮಾತ್ರ ಬಹಳ ಬೇಗ ಬರುತ್ತಿತ್ತು.

ಇಕುಮಿ ಅವನ ಒಬ್ಬಳೇ ಮಗಳು. ಕಲ್ಲುಗಳ ಸದ್ದಿನಲ್ಲೇ ನಿದ್ದೆ ಮಾಡಿ ಬೆಳೆದ ಹುಡುಗಿ. ಇಪ್ಪತ್ತಾರನೇ ವಯಸ್ಸಿನಲ್ಲಿ, ರೈಲು ನಿಲ್ದಾಣದ ಎದುರಿನ ಬೀದಿಯಲ್ಲಿ ವ್ಯಾಪಾರಿಗಳೆಲ್ಲ ಸೇರಿ ವಸಂತದ ಸಂತೆ ಮಾಡಿದಾಗ, ಅಲ್ಲೊಂದು ಮೇಜು ಹಾಕಿದಳು. ಸ್ಟ್ರಾಬೆರಿ ಹಣ್ಣು ಹಿಸುಕಿ, ಹಾಲು ಹೊಯ್ದು, ಮೇಲೆ ಮಾಚಾ ಸುರಿದ ಲೋಟಗಳನ್ನು ಸಾಲಾಗಿ ಇಟ್ಟಳು. ಕೆಳಗೆ ಕೆಂಪು, ನಡುವೆ ಬಿಳಿ, ಮೇಲೆ ಹಸಿರು. ಶಾಲೆ ಬಿಟ್ಟ ಹುಡುಗಿಯರು ಸಾಲುಗಟ್ಟಿ ನಿಂತಿದ್ದರು. ನಾನೂ ಒಂದು ಲೋಟ ತೆಗೆದುಕೊಂಡು ಮೂಲೆಯಲ್ಲಿ ನಿಂತು ಕುಡಿಯುತ್ತಿದ್ದೆ. ಆಗ ಗೆಂಜೊ ಬಂದ. ಅವನೂ ಒಂದು ಲೋಟ ಎತ್ತಿಕೊಂಡ, ಮೂಗಿನ ಹತ್ತಿರ ಹಿಡಿದ, ಬಾಯಿಗೆ ಮುಟ್ಟಿಸದೆ ಪಕ್ಕದ ಚರಂಡಿಗೆ ಸುರಿದ.

"ಇದು ಚಹಾ ಅಲ್ಲ, ಕಲಗಚ್ಚು. ಕಲಗಚ್ಚು ಮಾಡೋದಕ್ಕೆ ನನ್ನ ಗಿರಣಿ ಪುಡಿ ಯಾಕೆ ಬೇಕು ನಿಂಗೆ?"

ಇಕುಮಿ ಮೇಜು ಒರೆಸಿದಳು, ಸಾಲಿನಲ್ಲಿದ್ದವರಿಗೆ ತಲೆಬಾಗಿ ಕ್ಷಮೆ ಕೇಳಿದಳು, ಸಾಮಾನು ಕಟ್ಟಿದಳು. ಮುಂದಿನ ತಿಂಗಳು ಹಮಾಮತ್ಸುಗೆ ಹೋಗಿ, ಗೆಳತಿಯೊಬ್ಬಳ ಜೊತೆ ಸೇರಿ ಸಣ್ಣ ಪಾನೀಯದಂಗಡಿ ತೆರೆದಳು. ಅಪ್ಪ ಮಗಳು ಒಂಬತ್ತು ವರ್ಷ ಮಾತಾಡಲಿಲ್ಲ. ತಾಯಿ ತೊಮೊಎ ಮಾತ್ರ ಎರಡು ತಿಂಗಳಿಗೊಮ್ಮೆ ರೈಲು ಹತ್ತಿ ಹೋಗಿ ಮಗಳನ್ನು ನೋಡಿ ಬರುತ್ತಿದ್ದಳು. ಹೋಗುವಾಗ ಅವಳ ಚೀಲದಲ್ಲಿ ಗಿರಣಿಯ ಪುಡಿ ಇರುತ್ತಿತ್ತು. ಗೆಂಜೊ ಅದನ್ನು ಕಂಡೂ ಕಾಣದವನಂತೆ ಇರುತ್ತಿದ್ದ.

ಈ ನಡುವೆ ಗೆಂಜೊನ ಹೃದಯದ ಒಂದು ಕವಾಟ ಕೆಟ್ಟಿತು. ಎದೆ ಕೊಯ್ದು ಹೊಸ ಕವಾಟ ಹಾಕಿದರು. ಗಿರಣಿ ನಿಂತು ಮನೆ ಸದ್ದಿಲ್ಲದೆ ಇದ್ದಾಗ ಅದು ಗಡಿಯಾರದ ಹಾಗೆ ಟಿಕ್ ಟಿಕ್ ಅನ್ನುವುದು ಪಕ್ಕದಲ್ಲಿ ಕೂತವರಿಗೂ ಕೇಳುತ್ತಿತ್ತು. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ಬದುಕಿರುವವರೆಗೆ ಒಂದು ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು. ಆಸ್ಪತ್ರೆಯಿಂದ ಮನೆಗೆ ಬಂದ ವಾರವೇ ಔಷಧದಂಗಡಿಯ ಹೆಂಗಸು ಅವನನ್ನು ಕೂರಿಸಿಕೊಂಡು ತಿಳಿಸಿ ಹೇಳಿದಾಗ ನಾನೂ ಪಕ್ಕದಲ್ಲಿದ್ದೆ.

"ತೆರಾದಾ-ಸಾನ್, ನಾಟ್ಟೊ ಇನ್ನು ಮೇಲೆ ಪೂರ್ತಿ ಬಂದ್. ಸೊಪ್ಪಿನ ಹಸಿರು ರಸ, ಹಸಿರು ಪುಡಿಗಳು ಕೂಡ ಬೇಡ. ಅವುಗಳಲ್ಲಿರೋ ವಿಟಮಿನ್ ಕೆ ಈ ಮಾತ್ರೆ ಕೆಲಸ ಮಾಡದ ಹಾಗೆ ಮಾಡಿಬಿಡುತ್ತೆ."

"ನಂದು ಚಹಾ ಗಿರಣಿ ಅಮ್ಮಾ. ನಾನು ಉಸಿರಾಡೋದೇ ಹಸಿರು ಪುಡಿ."

ಅವಳು ನಗಲಿಲ್ಲ. "ಸೋಸಿದ ಚಹಾ ಆದ್ರೆ ಪರವಾಗಿಲ್ಲ, ಎಲೆ ಆಚೆ ಹೋಗುತ್ತೆ. ಮಾಚಾದಲ್ಲಿ ಎಲೆಯೇ ಹೊಟ್ಟೆಗೆ ಹೋಗೋದು. ಬೆಳಿಗ್ಗೆ ಒಂದು ಸಣ್ಣ ಬಟ್ಟಲು, ತೆಳ್ಳಗೆ. ದಿನಾ ಅಷ್ಟೇ. ಒಂದಿನ ಜಾಸ್ತಿ ಒಂದಿನ ಕಮ್ಮಿ ಮಾಡಬೇಡಿ."

ಅವನು ಹಾಗೇ ನಡೆದುಕೊಂಡ. ಐವತ್ತು ವರ್ಷ ಬೆಳಿಗ್ಗೆ ಅನ್ನದ ಮೇಲೆ ನಾಟ್ಟೊ, ಆ ಹುದುಗಿಸಿದ ಸೋಯಾ ಕಾಳು, ಸುರಿದುಕೊಂಡು ತಿಂದವನು ಅದನ್ನು ಬಿಟ್ಟ. ದಿನಕ್ಕೆ ಆರೇಳು ಬಟ್ಟಲು ಮಾಚಾ ಕುಡಿಯುತ್ತಿದ್ದವನು ಒಂದಕ್ಕೆ ಇಳಿದ. ಶಸ್ತ್ರಚಿಕಿತ್ಸೆಯ ವಿಷಯ ಮಗಳಿಗೆ ಹೇಳಕೂಡದು ಎಂದು ಹೆಂಡತಿಗೆ ಕಟ್ಟುನಿಟ್ಟು ಮಾಡಿದ್ದ. "ಎದೆ ಕೊಯ್ಸಿಕೊಂಡು ಮಗಳನ್ನ ಕರೆಸಿದ್ರೆ ಕರುಣೆ ಬೇಡಿದ ಹಾಗಾಗುತ್ತೆ" ಅಂದಿದ್ದ. ತೊಮೊಎ ಮಗಳಿಗೆ "ಅಪ್ಪನಿಗೆ ಎದೆ ಸ್ವಲ್ಪ ತೊಂದರೆ ಕೊಟ್ಟಿತ್ತು, ಈಗ ಹುಷಾರಾಗಿದ್ದಾರೆ" ಅಂತಷ್ಟೇ ಹೇಳಿದ್ದಳಂತೆ.

ಆಮೇಲೆ ತೊಮೊಎ ತೀರಿಕೊಂಡಳು. ನವೆಂಬರಿನಲ್ಲಿ ನೆಗಡಿ ಎಂದು ಮಲಗಿದಳು, ಅದು ಶ್ವಾಸಕೋಶಕ್ಕೆ ಇಳಿಯಿತು, ಹತ್ತೇ ದಿನ. ಇಕುಮಿ ಬಂದಳು. ನಲವತ್ತೊಂಬತ್ತನೇ ದಿನದ ಪೂಜೆ ಮುಗಿದರೂ ಹಿಂದಿರುಗಲಿಲ್ಲ. ಅಂಗಡಿಯನ್ನು ಗೆಳತಿ ನೋಡಿಕೊಳ್ಳುತ್ತಾಳೆ, ಅಪ್ಪನಿಗೆ ಒಬ್ಬರೇ ಇರುವುದು ಅಭ್ಯಾಸವಾಗುವವರೆಗೆ ಇರುತ್ತೇನೆ ಎಂದು ನನಗೆ ಹೇಳಿದಳು, ಅವನಿಗೆ ಹೇಳಲಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ "ಸ್ನಾನಕ್ಕೆ ನೀರು ಕಾದಿದೆ", "ಹ್ಞೂಂ" ಎಂಬುದರಾಚೆ ಮಾತಿಲ್ಲದೆ ಇದ್ದರು. ನಾನು ಕಲ್ಲು ಕುಟ್ಟಲು ಹೋದಾಗ ಇಬ್ಬರೂ ನನ್ನೊಡನೆ ಮಾತಾಡುತ್ತಿದ್ದರು. ಒಬ್ಬರಿಗೆ ಹೇಳಬೇಕಾದದ್ದನ್ನು ನನಗೆ ಹೇಳಿ ಇನ್ನೊಬ್ಬರಿಗೆ ಕೇಳಿಸುತ್ತಿದ್ದರು.

ಫೆಬ್ರವರಿಯ ಒಂದು ಬೆಳಿಗ್ಗೆ, ಸುಮಾರು ಹತ್ತು ಗಂಟೆಗೆ, ನಾವಿಬ್ಬರೂ ಅಡುಗೆಮನೆಯ ಮೇಜಿಗೆ ಬಂದು ಕೂತಾಗ ಇಕುಮಿ ಸ್ಟ್ರಾಬೆರಿ ತೊಳೆಯುತ್ತಿದ್ದಳು. ಚರಂಡಿಗೆ ಸುರಿದ ಆ ದಿನದ ನಂತರ ಆ ಮನೆಯಲ್ಲಿ ಸ್ಟ್ರಾಬೆರಿ ಕಂಡಿರಲಿಲ್ಲ.

"ಯಾಸು ಮಾಮ, ನಿಮಗೂ ಒಂದು ಮಾಡ್ಲಾ?" ಅಂದಳು. ಅಪ್ಪನ ಕಡೆ ನೋಡಲಿಲ್ಲ.

"ಮಾಡಮ್ಮಾ" ಅಂದೆ.

ಅವಳು ಹಣ್ಣುಗಳನ್ನು ಫೋರ್ಕಿನಿಂದ ಒರಟೊರಟಾಗಿ ಹಿಸುಕಿ, ಒಂದು ಚಮಚ ಜೇನು ಬೆರೆಸಿ, ಎತ್ತರದ ಲೋಟಗಳ ತಳಕ್ಕೆ ಹಾಕಿದಳು. ಅದರ ಮೇಲೆ ತಣ್ಣನೆಯ ಸೋಯಾ ಹಾಲನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಇಳಿಸಿದಳು. ಮಾಚಾವನ್ನು ಗಂಟಿಲ್ಲದ ಹಾಗೆ ಜರಡಿ ಹಿಡಿದು, ಕುದಿದು ಸ್ವಲ್ಪ ಆರಿದ ನೀರು ಹಾಕಿ, ಬಿದಿರಿನ ಕಡೆಗೋಲಿನಿಂದ ನೊರೆ ಬರುವ ಹಾಗೆ ಕಡೆದಳು. ಎಷ್ಟು ಪುಡಿ ಹಾಕಿದಳು ಎಂದು ನಾನು ನೋಡುತ್ತಲೇ ಇದ್ದೆ. ಒಂದೊಂದು ಲೋಟಕ್ಕೆ ದಿಬ್ಬದಂತೆ ತುಂಬಿದ ಎರಡು ಚಮಚ. ನಮ್ಮ ಬಟ್ಟಲಿಗೆ ಹಾಕುವುದರ ಎರಡೂವರೆ ಪಟ್ಟು.

ಕಡೆಯುತ್ತ ಅವಳು ಮಾತಾಡತೊಡಗಿದಳು. ಅಂಗಡಿಯಲ್ಲಿ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾದ ಮಾತು. "ನೋಡಿ ಮಾಮ, ಇದರಲ್ಲಿ ಸಕ್ಕರೆ ಹಾಕಿಲ್ಲ. ಎಲೆ ಪೂರ್ತಿ ಹೊಟ್ಟೆಗೆ ಹೋಗೋದರಿಂದ ಅದರ ಸತ್ವ ಎಲ್ಲಾ ಸಿಗುತ್ತೆ. ಕಾಫಿ ಹಾಗೆ ಎದೆ ಡವಡವ ಅನ್ನಿಸಲ್ಲ, ಎಚ್ಚರ ಇರುತ್ತೆ, ಆದ್ರೆ ಮನಸ್ಸು ಸಮಾಧಾನವಾಗಿರುತ್ತೆ. ದಿನಾ ಹಸಿರು ಚಹಾ ಕುಡಿಯೋರಿಗೆ ಹೃದಯದ ಕಾಯಿಲೆ ಕಮ್ಮಿ ಅಂತ ಓದಿದೀನಿ. ರಕ್ತನಾಳಕ್ಕೂ ಒಳ್ಳೇದು." ಕೊನೆಯದನ್ನು ಹೇಳುವಾಗ ಅವಳ ಸ್ವರ ಇಳಿಯಿತು. ಅದನ್ನು ನನಗೆ ಹೇಳುತ್ತಿರಲಿಲ್ಲ.

ಲೋಟವನ್ನು ಅಪ್ಪನ ಮುಂದೆ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು. ಆ ಮನೆಯಲ್ಲಿ ಟಿಕ್ ಟಿಕ್ ಬಿಟ್ಟು ಬೇರೆ ಸದ್ದಿರಲಿಲ್ಲ. ಗೆಂಜೊ ಲೋಟವನ್ನು ನೋಡಿದ, ಆಮೇಲೆ ನನ್ನನ್ನು ನೋಡಿದ. ನಾನು ತಲೆಯನ್ನು ಸ್ವಲ್ಪ ಅಡ್ಡಡ್ಡ ಆಡಿಸಿದೆ. ಅವನು ಲೋಟ ಎತ್ತಿ, ನಿಲ್ಲಿಸದೆ, ತಳದ ಹಣ್ಣು ಸಮೇತ ಕುಡಿದು ಕೆಳಗಿಟ್ಟ.

"ನೀರು ಒಂಚೂರು ಜಾಸ್ತಿ ಬಿಸಿಯಾಗಿತ್ತು. ರುಚಿ ಚೆನ್ನಾಗಿದೆ" ಅಂದ.

ಇಕುಮಿ ತೊಟ್ಟಿಯ ಕಡೆ ತಿರುಗಿ ನಲ್ಲಿ ಬಿಟ್ಟಳು. ಅಲ್ಲಿ ತೊಳೆಯುವುದಕ್ಕೆ ಏನೂ ಇರಲಿಲ್ಲ. ನೀರು ಬಹಳ ಹೊತ್ತು ಹರಿಯಿತು.

ಗಿರಣಿ ಕೋಣೆಗೆ ಬಂದ ಕೂಡಲೇ ಬಾಗಿಲು ಹಾಕಿ ನಾನು ಕೇಳಿದೆ. "ನಿಂಗೆ ತಲೆ ಕೆಟ್ಟಿದೆಯಾ? ಆ ಔಷಧದಂಗಡಿಯವಳು ಅಷ್ಟು ಹೇಳಿದ್ಲಲ್ಲ."

"ಒಂದು ಲೋಟಕ್ಕೆ ಸಾಯಲ್ಲ ಬಿಡು."

"ನಾಳೆಯೂ ಮಾಡ್ತಾಳೆ. ಈಗಲೇ ಹೋಗಿ ಹೇಳು, ನಾನು ಮಾತ್ರೆ ತಗೋತೀನಿ, ಇದು ಕೂಡಲ್ಲ ಅಂತ. ಅದರಲ್ಲಿ ನಾಚಿಕೆ ಏನು?"

ಗೆಂಜೊ ಕಲ್ಲಿನ ಮೇಲೆ ಕೈಯಿಟ್ಟು ನಿಂತ. "ಯಾಸು, ಒಂದು ಸಲ ಚೆಲ್ಲಿದೀನಿ. ಈಗ ಡಾಕ್ಟರು ಬೇಡ ಅಂದ್ರು ಅಂದ್ರೆ, ಇವನಿಗೆ ಹೊಸ ನೆಪ ಸಿಕ್ತು ಅಂದ್ಕೋತಾಳೆ. ಒಂಬತ್ತು ವರ್ಷ ಆಗಿದೆ ಕಣೋ ಅವಳು ನನ್ನ ಮುಂದೆ ಒಂದು ಲೋಟ ಇಟ್ಟು."

"ಹಾಗಾದ್ರೆ ನಾನು ಹೇಳ್ತೀನಿ."

"ಹೇಳಿದ್ರೆ ನನ್ನ ಗಿರಣಿ ಮೆಟ್ಟಿಲು ಹತ್ತಬೇಡ. ನಾನೇ ಹೇಳ್ತೀನಿ. ಸ್ಟ್ರಾಬೆರಿ ಕಾಲ ಮುಗೀಲಿ, ಆಗ ಎಲ್ಲಾನೂ ಕೂರಿಸಿಕೊಂಡು ಹೇಳ್ತೀನಿ."

ಅವನ ಬೆದರಿಕೆಗೆ ನಾನು ಹೆದರಿದವನಲ್ಲ. ಅರವತ್ತು ವರ್ಷದಲ್ಲಿ ಅಂಥ ಮಾತು ನೂರು ಸಲ ಕೇಳಿದ್ದೆ. ನಿಜ ಹೇಳಬೇಕೆಂದರೆ, ಅಡುಗೆಮನೆಯಲ್ಲಿ ಆಗಷ್ಟೇ ನಡೆದದ್ದನ್ನು ನಾನು ಕೆಡಿಸುವುದು ನನಗೇ ಬೇಡವಾಗಿತ್ತು. ಅವನೇ ಹೇಳುತ್ತಾನೆ ಎಂದು ನಂಬುವುದು ಸುಲಭವಾಗಿತ್ತು, ನಂಬಿದೆ.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಲೋಟ, ಸಂಜೆ ನಾಲ್ಕಕ್ಕೆ ಒಂದು. ಆ ಮೂರು ತಿಂಗಳು ಆ ಮನೆ ಹೇಗಿತ್ತೆಂದು ನೋಡಿದವನು ನಾನು. ಗೆಂಜೊ ಮಗಳ ಪಾನೀಯಕ್ಕೆ ಸಲಹೆ ಕೊಡಲು ಶುರುಮಾಡಿದ. ಹಣ್ಣಿಗೆ ಚಿಟಿಕೆ ಉಪ್ಪು ಹಾಕು ಅಂದ. ಹಾಲಿನ ಜೊತೆ ಕುಡಿಯುವ ಪುಡಿಗೆ ಸ್ವಲ್ಪ ಕಹಿ ಬೇಕು, ಮೇಲ್ದರ್ಜೆಯದು ಹಾಲಿನಲ್ಲಿ ಕಳೆದುಹೋಗುತ್ತದೆ ಎಂದು ಎರಡು ತೋಟದ ಎಲೆ ಬೆರೆಸಿ ಬೀಸಿಕೊಟ್ಟ. ಸ್ಟ್ರಾಬೆರಿ ಇಲ್ಲದ ದಿನ ಯುಜು ನಿಂಬೆಯ ಸಿಪ್ಪೆ ತುರಿದು ಹಾಕಿದರು, ಒಮ್ಮೆ ಶುಂಠಿ ಹಾಕಿ ಇಬ್ಬರೂ ಮುಖ ಕಿವುಚಿದರು.

"ಇದು ಕಲಗಚ್ಚೇ" ಅಂದಳು ಇಕುಮಿ.

ಗೆಂಜೊ ನೆಲ ನೋಡಿದ. "ಆವತ್ತು ನಾನು ಕುಡೀದೇನೇ ಹೇಳಿದ್ದೆ" ಅಂದ. ಅವನ ಬಾಯಲ್ಲಿ ಕ್ಷಮೆಗೆ ಅದಕ್ಕಿಂತ ಹತ್ತಿರದ ಮಾತು ನಾನು ಕೇಳಿಲ್ಲ.

ಮಾರ್ಚಿನ ರಕ್ತ ಪರೀಕ್ಷೆಗೆ ನಾನೇ ಅವನನ್ನು ನನ್ನ ಗಾಡಿಯಲ್ಲಿ ಕರೆದುಕೊಂಡು ಹೋದೆ. ಮಾತ್ರೆ ಸರಿಯಾಗಿ ಹಿಡಿಯುತ್ತಿಲ್ಲ, ನಾಟ್ಟೊ ಏನಾದರೂ ತಿಂದಿರಾ ಎಂದು ಡಾಕ್ಟರು ಕೇಳಿದರಂತೆ. ಇಲ್ಲ ಅಂದನಂತೆ. ಅದು ಸುಳ್ಳಲ್ಲವಲ್ಲ ಎಂದು ಗಾಡಿಯಲ್ಲಿ ನನ್ನ ಮುಂದೆ ನಕ್ಕ. ಮಾತ್ರೆಯ ಪ್ರಮಾಣ ಹೆಚ್ಚಿಸಿ, ಎರಡು ವಾರ ಬಿಟ್ಟು ಮತ್ತೆ ಬನ್ನಿ ಎಂದಿದ್ದರು. ಅವನು ಹೋಗಲಿಲ್ಲ. ಏಪ್ರಿಲ್ ಬಂತು, ತೋಟಕ್ಕೆ ಕಪ್ಪು ಬಟ್ಟೆಯ ನೆರಳು ಕಟ್ಟುವ ಕಾಲ, ಪುರುಸೊತ್ತಿಲ್ಲ ಅಂದ. ಪುರುಸೊತ್ತು ಇತ್ತು. ಮತ್ತೆ ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ, ನಿಜ ಹೇಳಿದರೆ ಲೋಟ ಬಿಡಬೇಕಾಗುತ್ತದೆ ಎಂದು ಅವನು ತಪ್ಪಿಸಿಕೊಂಡದ್ದು.

"ನಾಳೆ ಹೋಗೋಣ, ಗಾಡಿ ತರ್ತೀನಿ" ಎಂದು ನಾನು ಮೂರು ಸಲ ಹೇಳಿದೆ. ನಾಲ್ಕನೇ ಸಲ ಹೇಳಲಿಲ್ಲ.

ಮೇ ತಿಂಗಳ ಎರಡನೇ ವಾರ, ಹೊಸ ಚಿಗುರು ಕೊಯ್ಯುವ ಮೊದಲ ದಿನ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಗೆಂಜೊ ಕೊಯ್ಯುವ ಹೆಂಗಸರ ನಡುವೆ ನಿಂತು ಏನೋ ಹೇಳಲು ಹೋದ. ಬಾಯಿಂದ ಬಂದದ್ದು ಮಾತಾಗಿರಲಿಲ್ಲ. ಹೆಂಗಸರು ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಅವನ ಬಲಗೈಯಿಂದ ಬುಟ್ಟಿ ಜಾರಿತು, ಅವನೂ ಸಾಲಿನ ನಡುವೆ ಕುಸಿದ. ಕವಾಟದ ಮೇಲೆ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿತ್ತು.

ಆಸ್ಪತ್ರೆಯಲ್ಲಿ ಒಬ್ಬ ಯುವ ಡಾಕ್ಟರು ಇಕುಮಿಯನ್ನೂ ನನ್ನನ್ನೂ ಕೂರಿಸಿ ಅವಳನ್ನು ಕೇಳಿದರು. "ನಿಮ್ಮ ತಂದೆ ಇತ್ತೀಚೆಗೆ ಊಟದಲ್ಲಿ ಏನಾದ್ರೂ ಬದಲಾವಣೆ ಮಾಡಿದ್ರಾ?"

"ಇಲ್ಲ, ತುಂಬಾ ಚೆನ್ನಾಗೇ ತಿಂತಿದ್ರು. ಉಪ್ಪು ಕಮ್ಮಿ ಮಾಡಿದ್ದೆ. ದಿನಾ ಎರಡು ಲೋಟ ಮಾಚಾ ಮಾಡಿ ಕೊಡ್ತಿದ್ದೆ, ಸಕ್ಕರೆ ಇಲ್ಲದೆ, ಹೃದಯಕ್ಕೆ ಒಳ್ಳೇದು ಅಂತ."

"ದೊಡ್ಡ ಲೋಟವಾ? ಪುಡಿ ಎಷ್ಟು ಹಾಕ್ತಿದ್ರಿ?"

ಅವಳು ಹೇಳಿದಳು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಬಹಳ ಮೆಲ್ಲಗೆ, ಅವಳನ್ನು ನೋಯಿಸದ ಹಾಗೆ, ಆ ಮಾತ್ರೆಯ ವಿಷಯ ವಿವರಿಸಿದರು. ಇದೊಂದರಿಂದಲೇ ಆಯಿತು ಎಂದು ಖಂಡಿತವಾಗಿ ಹೇಳುವುದಕ್ಕಾಗುವುದಿಲ್ಲ, ಪರೀಕ್ಷೆಗೆ ಬಂದಿದ್ದರೆ ಮಾತ್ರೆ ಹೊಂದಿಸಬಹುದಿತ್ತು, ನಿಮಗೆ ಯಾರೂ ಹೇಳಿರಲಿಲ್ಲವೇ ಎಂದು ಕೇಳಿದರು. ಇಲ್ಲ ಎಂದು ಅವಳು ತಲೆಯಾಡಿಸಿದಳು.

ಹೊರಗೆ ಪಡಸಾಲೆಯ ಬೆಂಚಿನ ಮೇಲೆ ಅವಳು ತನ್ನ ಎರಡೂ ಕೈಗಳನ್ನು ಮುಂದೆ ಹಿಡಿದು ನೋಡುತ್ತ ಕೂತಿದ್ದಳು. ಆ ಕೈಗಳೊಂದಿಗೆ ಅವಳನ್ನು ಒಬ್ಬಳೇ ಬಿಡುವುದು ನನ್ನಿಂದ ಆಗಲಿಲ್ಲ.

"ಇಕುಮಿ, ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಕುಡಿದ."

"ನಿಮಗೆ ಹೇಗೆ ಗೊತ್ತು?"

"ನಂಗೂ ಗೊತ್ತಿತ್ತು."

"ಯಾವತ್ತಿಂದ?"

"ಮೊದಲನೇ ಲೋಟದಿಂದ."

ಅವಳು ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. "ನೀವು ಅಲ್ಲೇ ಕೂತಿದ್ರಿ ಮಾಮ. ನಾನು ಕಡೀತಾ ಇದ್ದೆ, ನೀವು ಅಲ್ಲೇ ಕೂತು ಕುಡಿದ್ರಿ" ಅಂದಳು. ಅಷ್ಟೇ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ಗೆಂಜೊ ಬದುಕಿದ. ಮೂರು ವರ್ಷ, ಗಾಲಿಕುರ್ಚಿಯಲ್ಲಿ. ಬಲಗೈ ಬರಲಿಲ್ಲ. ಬಾಯಲ್ಲಿ ನಾಲ್ಕೈದು ಪದ ಉಳಿದವು, ಅವೂ ಬೇಕಾದಾಗ ಬರುತ್ತಿರಲಿಲ್ಲ. ನೀರು ಬೇಕಾದಾಗ "ರೈಲು" ಅನ್ನುತ್ತಿದ್ದ. ಇಕುಮಿ ಹಮಾಮತ್ಸುವಿನ ಅಂಗಡಿಯ ತನ್ನ ಪಾಲನ್ನು ಗೆಳತಿಗೆ ಬಿಟ್ಟು ಊರಲ್ಲೇ ಉಳಿದಳು, ಗಿರಣಿ ನಡೆಸಿದಳು. ಗಿರಣಿಯ ಮುಂದೆ ಸಣ್ಣ ಕಟ್ಟೆ ಹಾಕಿ ಪಾನೀಯವನ್ನೂ ಮಾರಿದಳು. ಅಲ್ಲಿ ಮಾಚಾದ ಗುಣಗಳನ್ನು ಬರೆದ ಹಲಗೆಯಿದೆ. ಗುಣಗಳಿಗಿಂತ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಇದು: ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಕುಡಿಯಬೇಡಿ, ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯಬೇಡಿ. ಹಲಗೆ ಓದಿ ಹಿಂದಿರುಗಿ ಹೋಗುವವರನ್ನೂ ನೋಡಿದ್ದೇನೆ. ಅವರಿಗೆ ಅವಳು ಹುರಿದ ಬಾರ್ಲಿಯ ಕಷಾಯ ಕೊಡುತ್ತಾಳೆ. ಮನೆಯ ಅಡುಗೆಮನೆಯಲ್ಲಿ ಮಾತ್ರ ಅವಳು ಮತ್ತೆ ಎಂದೂ ಮಾಚಾ ಕಡೆಯಲಿಲ್ಲ.

ಮೊದಲ ವರ್ಷ ನನ್ನನ್ನು ಕೆಲಸಕ್ಕೆ ಕರೆಯಲಿಲ್ಲ. ಕಲ್ಲು ಕುಟ್ಟುವವರು ಬೇರೆ ಯಾರೂ ಉಳಿದಿಲ್ಲ, ಆದ್ದರಿಂದ ಎರಡನೇ ವರ್ಷ ಕರೆದಳು. ಹೋದಾಗಲೆಲ್ಲ ಗೆಂಜೊನ ಕುರ್ಚಿಯ ಪಕ್ಕ ಕೂರುತ್ತಿದ್ದೆ. ಅವನು ಮಗಳ ಕಡೆ ಎಡಗೈ ತೋರಿಸಿ, ನನ್ನ ತೋಳು ಹಿಡಿದು, ಏನೋ ಹೇಳಲು ಒದ್ದಾಡುತ್ತಿದ್ದ. ಏನೆಂದು ನನಗೆ ಗೊತ್ತಿತ್ತು. ಅವಳದು ತಪ್ಪಿಲ್ಲ ಎಂದು ಹೇಳು ಅನ್ನುತ್ತಿದ್ದ. ನಾನು ಹೇಳುತ್ತಿದ್ದೆ. ಇಕುಮಿ ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲ ಮಾತ್ರ, "ಅದು ಅಪ್ಪ ಹೇಳಿದ್ದೋ, ನೀವು ಹೇಳಿದ್ದೋ ನಂಗೆ ಗೊತ್ತಾಗಲ್ಲ ಮಾಮ. ಗೊತ್ತಾಗೋ ಹಾಗೆ ಹೇಳೋ ಕಾಲದಲ್ಲಿ ಇಬ್ಬರೂ ಸುಮ್ಮನಿದ್ರಿ" ಅಂದಳು.

ಅವನು ತೀರಿಕೊಂಡ ಅಕ್ಟೋಬರಿಗೆ ಈಗ ಎರಡು ವರ್ಷ. ಈ ಸಲದ ವರ್ಷದ ಪೂಜೆಯ ದಿನ ಭಿಕ್ಷು ಮಂತ್ರ ಹೇಳಿ ಹೊರಟ ಮೇಲೆ, ಬಂದವರೆಲ್ಲ ಹೋದ ಮೇಲೆ, ಇಕುಮಿ ನನ್ನನ್ನು ಇರಲು ಹೇಳಿದಳು. ಎದುರಿಗೆ ಬಂದು ಕೂತಳು.

"ಮಾಮ, ನಾನೂ ಕೇಳಲಿಲ್ಲ. ಅಪ್ಪ ನನ್ನ ಕಣ್ಣೆದುರೇ ಮಾತ್ರೆ ನುಂಗ್ತಿದ್ರು. ಇದಕ್ಕೆ ಒಳ್ಳೇದು ಅದಕ್ಕೆ ಒಳ್ಳೇದು ಅಂತ ನಾನೇ ಹೇಳ್ತಾ ಹೋದೆ. ಅದು ಯಾವ ಮಾತ್ರೆ ಅಂತ ಒಂದಿನ ಕೇಳಲಿಲ್ಲ. ಕೇಳಿದ್ರೆ ಕುಡಿಯೋದು ನಿಲ್ಲಿಸ್ತಾರೇನೋ ಅಂತ ಒಳಗೆಲ್ಲೋ ಹೆದರಿಕೆ ಇತ್ತು ಅನ್ಸುತ್ತೆ."

"ನೀನು ಹಾಗೆಲ್ಲ..."

"ಸಮಾಧಾನ ಹೇಳಬೇಡಿ. ಒಂದು ಕೇಳ್ತೀನಿ. ಆವತ್ತು ಗಿರಣಿ ಕೋಣೇಲಿ ಅಪ್ಪ ಏನಂದ್ರು, ಅವರು ಅಂದ ಹಾಗೇ ಹೇಳಿ. ನಿಮ್ಮದು ಏನೂ ಸೇರಿಸಬೇಡಿ."

ನಾನು ಹೇಳಿದೆ. ಒಂದು ಸಲ ಚೆಲ್ಲಿದೀನಿ ಅಂದದ್ದು, ಒಂಬತ್ತು ವರ್ಷ ಅಂದದ್ದು, ಸ್ಟ್ರಾಬೆರಿ ಕಾಲ ಮುಗೀಲಿ ಅಂದದ್ದು. ಅವಳು ಕಣ್ಣು ಮುಚ್ಚಿ ಕೇಳಿದಳು.

"ಇನ್ನೊಂದು ಸಲ ಹೇಳಿ" ಅಂದಳು.

ಹೇಳಿದೆ. ಎರಡನೇ ಸಲ ಹೇಳುವಾಗ ಕೊನೆಯಲ್ಲಿ "ಅವಳ ಕೈ ಥೇಟ್ ಅವಳಮ್ಮನ ಕೈ, ಕಡೆಯೋ ರೀತಿ ನೋಡು" ಎಂಬ ಒಂದು ಮಾತು ನನ್ನ ಬಾಯಿಂದ ಬಂತು. ಅವಳು ಕಣ್ಣು ತೆರೆದು, "ಹಾಗಂದ್ರಾ?" ಎಂದು ಕೇಳಿದಳು. ಹೌದು ಅಂದೆ. ಅವನು ಹಾಗೆ ಅಂದಿದ್ದನೋ ಇಲ್ಲವೋ ನನಗೆ ನಿಜವಾಗಿ ನೆನಪಿಲ್ಲ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ನೆನಪಿಸಿಕೊಳ್ಳಲು ನೋಡಿದೆ. ಹಿಂದಿರುಗಿ ಹೋಗಿ ಹೇಳಬೇಕು ಅನ್ನಿಸಿತು, ಹೋಗಲಿಲ್ಲ.